ಬಾರದವರ ತಾಟು

ಆ ರವಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಐದು ಜನ ಇದ್ದೆವು. ಅಜ್ಜಿ ಕಾಲು ಚಾಚಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು. ಅಜ್ಜ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು, ತೊಡೆಯ ಮೇಲೊಂದು ಮಣೆ, ಮಣೆಯ ಮೇಲೊಂದು ಸರಕಾರಿ ಅರ್ಜಿ ಇಟ್ಟುಕೊಂಡು, ಪೆನ್ನಿನ ಟೊಪ್ಪಿಗೆ ತೆಗೆಯುವುದು ಹಾಕುವುದು ಮಾಡುತ್ತಿದ್ದ. ಅವ್ವ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಅವುಗಳ ಬಿಳಿ ಬೆನ್ನಿನ ಮೇಲೆ ಅಕ್ಷರ ಬರೆಯುತ್ತಿದ್ದಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು ಆಗಷ್ಟೇ ಎದ್ದು, ಚಹಾದ ಬಸಿ ಹಿಡಿದು ಚೌಕಟ್ಟಿಗೆ ಒರಗಿ ನಿಂತಿದ್ದ. ವೀಣಾ ಎಂಬ ಎಂಟು ವರ್ಷದ ನಾನು, ಅಜ್ಜಿ ಸೋಸಿ ಒಗೆದ ಕಡ್ಡಿಗಳನ್ನು ಉದ್ದ-ಗಿಡ್ಡ ನೋಡಿ ನೆಲದ ಮೇಲೆ ಸಾಲು ಹಚ್ಚುತ್ತಿದ್ದೆ.

“ಹನ್ನೊಂದನೇ ಪ್ರಶ್ನೆ ಭಾರೀ ಅದವಾ,” ಎಂದು ಅಜ್ಜ ಮರಾಠಿಯ ಅರ್ಜಿಯನ್ನು ಕನ್ನಡಕ್ಕೆ ತಿರುಗಿಸಿ ಓದಿದ. “ನಿಮ್ಮ ಶಾಲೆಯ ಮಾರ್ಗದರ್ಶಕ ಮೌಲ್ಯಗಳು ಯಾವುವು? ಸಂಕ್ಷಿಪ್ತವಾಗಿ ಬರೆಯಿರಿ.”

“ಏನಂತ ಬರೀತೀರಿ ಮಾವಾರ?” ಅವ್ವ ಕೇಳಿದಳು.

“ಮಗುವಿನ ಸರ್ವಾಂಗೀಣ ವಿಕಾಸ ಅಂತ ಸುರು ಮಾಡ್ತೀನಿ. ಸಾಹೇಬ ಮಂದಿಗೆ ಆ ಮಾತು ಭಾಳ ಸೇರ್ತದ.”

“ಸರ್ವಾಂಗದಾಗ ಹೊಟ್ಟಿ ಬರ್ತದೋ ಇಲ್ಲೋ?” ಅಜ್ಜಿ ಪಲ್ಲೆಯಿಂದ ಕಣ್ಣೆತ್ತಲಿಲ್ಲ. “ಬರ್ತದಂದ್ರ ಸಾರಿನ ವಿಷಯಾನೂ ಬರೀರಿ. ಹದಿನೆಂಟು ಹುಡುಗ್ರಿಗೆ ದಿನಾ ಕುದಸ್ತೀನಿ. ನನ್ನ ಹೆಸರು ಬ್ಯಾಡ, ಸಾರಿನ ಹೆಸರರೆ ಇರ್ಲಿ.”

ಅಪ್ಪ ಬಸಿಯೊಳಗೇ ನಕ್ಕ. “ನನ್ನ ನಿದ್ದಿ ವಿಷಯ ಬರೀ ಅಪ್ಪಾ. ಈ ಸಾಲಿ ನಿಂತಿದ್ದೇ ನನ್ನ ನಿದ್ದಿ ಮ್ಯಾಲ.”

ಅಪ್ಪ ಚೇಷ್ಟೆಗೆ ಹೇಳಿದನಾದರೂ ಅದು ಸುಳ್ಳಲ್ಲ. ಮರಾಠಿ ಸೀಮೆಯ ಧನಕವಡಿಯ ಆ ಮನೆಯಲ್ಲಿ ಇದ್ದದ್ದು ಮೂರೇ ಕೋಣೆ: ಓಣಿಗೆ ಮುಖ ಮಾಡಿದ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಮಲಗುವ ಕೋಣೆ. ಪಡಸಾಲೆಯೇ ಅವ್ವನ ಶಾಲೆ. ಒಂಬತ್ತಕ್ಕೆ ಹಾಸಿಗೆ ಸುತ್ತಿಟ್ಟು, ಕಸ ಹೊಡೆದು, ಜಮಖಾನೆ ಹಾಸಿದರೆ ಶಾಲೆ. ಎರಡಕ್ಕೆ ಜಮಖಾನೆ ಜಾಡಿಸಿ ಮಡಚಿದರೆ ಮತ್ತೆ ಮನೆ. ಹಿಂದಿನ ಕೋಣೆಯಲ್ಲಿ ಅಪ್ಪ ಮಲಗಿರುತ್ತಿದ್ದುದರಿಂದ ನಮ್ಮ ಶಾಲೆಯಲ್ಲಿ ಯಾರೂ ಕೂಗುವಂತಿರಲಿಲ್ಲ, ಅವ್ವ ಕೂಡ. ಒಂದು ಮಗುವನ್ನು ಗದರಬೇಕೆಂದರೆ ಅವಳು ಅದರ ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು, ಕಿವಿಯ ಬಳಿ ಗದರಬೇಕು. ಅಷ್ಟು ಹತ್ತಿರ ಹೋದ ಮೇಲೆ ಗದರುವುದು ಎಲ್ಲಿಂದ ಬಂತು? ಸಿಟ್ಟು ಅರ್ಧ ದಾರಿಯಲ್ಲೇ ಇಳಿದಿರುತ್ತಿತ್ತು. ಮಕ್ಕಳ ಮೇಲೆ ದನಿ ಎತ್ತಬಾರದೆಂಬ ತತ್ವದ ಬಗ್ಗೆ ಈಗ ಯಾರಾದರೂ ಗಂಭೀರವಾಗಿ ಮಾತಾಡಿದರೆ ನನಗೆ ಅಪ್ಪನ ಗೊರಕೆ ಕೇಳಿಸುತ್ತದೆ. ಬೆಂಚು ತರಲು ಆಗಿರಲಿಲ್ಲ, ಹಾಗಾಗಿ ಗೋಡೆಗುಂಟ ಸುತ್ತುಗಟ್ಟಿ ಕೂಡುತ್ತಿದ್ದೆವು. ಮುಂದಿನ ಸಾಲಿನ ಜಾಣರು, ಹಿಂದಿನ ಸಾಲಿನ ದಡ್ಡರು ಎಂಬುದು ಹುಟ್ಟಲೇ ಇಲ್ಲ. ಮಕ್ಕಳ ಬುತ್ತಿಗಳನ್ನು ಗೋಡೆಯ ಬುಡದಲ್ಲಿಟ್ಟರೆ ಇರುವೆ ಮುತ್ತುತ್ತಿದ್ದವು. ಅದಕ್ಕೆ ಅಜ್ಜಿ ಬಂದವರ ಕೈಯಿಂದ ರೊಟ್ಟಿ, ಚಪಾತಿ, ಭಾಕರಿ ಎಲ್ಲ ಇಸಿದುಕೊಂಡು ಮುಚ್ಚಳದ ಒಂದೇ ಡಬ್ಬಿಯಲ್ಲಿ ಹಾಕಿಬಿಡುತ್ತಿದ್ದಳು. ಊಟದ ಹೊತ್ತಿಗೆ ಯಾರದು ಯಾವುದೆಂದು ಯಾರಿಗೆ ನೆನಪು! ಎಲ್ಲರ ಬುತ್ತಿ ಎಲ್ಲರಿಗೂ ಎಂಬ ದೊಡ್ಡ ಪಾಠವನ್ನು ನಮಗೆ ಕಲಿಸಿದ್ದು ಧನಕವಡಿಯ ಇರುವೆಗಳು. ಓಣಿಯ ಮರಾಠಿ ಜನ ಇದನ್ನು ‘ಕಾನಡಿ ಬಾಯಿಚಿ ಶಾಳಾ’ ಅನ್ನುತ್ತಿದ್ದರು, ಕನ್ನಡದ ಹೆಂಗಸಿನ ಶಾಲೆ ಎಂದು. ಮಕ್ಕಳು ಮಾತ್ರ ನಮ್ಮ ಕಡೆಯ ರೂಢಿಯಂತೆ ಅವ್ವನನ್ನು ಅಕ್ಕೋರ ಎಂದು ಕರೆಯುತ್ತಿದ್ದರು. ಜಮಖಾನೆ ಹಾಸಿರುವಷ್ಟು ಹೊತ್ತು ನಾನೂ ಅಕ್ಕೋರ ಎಂದೇ ಕರೆಯಬೇಕಿತ್ತು. ಅದು ನನಗೆ ಒಂದಿಷ್ಟೂ ಸೇರುತ್ತಿರಲಿಲ್ಲ.

ಅಜ್ಜ ಧಾರವಾಡದ ಕಡೆಯ ಹಳ್ಳಿ ಶಾಲೆಗಳಲ್ಲಿ ಛಡಿ ಹಿಡಿದು ಕಲಿಸಿ ನಿವೃತ್ತನಾಗಿ ಬಂದವನು. ಸೊಸೆಯ, ಮಾರ್ಕು ಕೊಡದ ಶಾಲೆ ಅವನಿಗೆ ಮೊದಮೊದಲು ಉಪ್ಪಿಲ್ಲದ ಸಾರಿನಂತೆ ಕಂಡಿತು. ಅದಕ್ಕಿಂತ ಕಠಿಣವಾಗಿದ್ದು ಊಟದ ನಂತರದ ಕೂಟ. ಎಲ್ಲರೂ ಸುತ್ತ ಕೂತ ಮೇಲೆ ಯಾರಿಗಾದರೂ ತಾನು ತಪ್ಪು ಮಾಡಿದ್ದೇನೆ ಅನಿಸಿದರೆ “ನಂದೊಂದು ಅದ ರೀ” ಎಂದು ಶುರು ಮಾಡಬೇಕು. ಹೇಳಿ ಮುಗಿಸುವತನಕ ನಡುವೆ ಬಾಯಿ ಹಾಕುವಂತಿಲ್ಲ, ಬೈಯುವಂತಿಲ್ಲ, ನಗುವಂತಿಲ್ಲ. ಆಮೇಲೆ, ಆ ತಪ್ಪಿನಿಂದ ಯಾರಿಗೆ ನೋವಾಯಿತೋ ಅವರ ಕಡೆ ತಿರುಗಿ ಅವ್ವ ಕೇಳುತ್ತಿದ್ದಳು: “ಈಗೇನ ಮಾಡೂಣು?” ದೊಡ್ಡವರಿಗೂ ಇದರಿಂದ ವಿನಾಯಿತಿ ಇರಲಿಲ್ಲ. “ನಂದೊಂದು ಅದ, ನಿನ್ನೆ ಭಾಗಾಕಾರ ನನಗ ತಿಳೀದಿದ್ರೂ ತಿಳಿದಂಗ ಮಾಡಿದೆ” ಎಂದು ಅವ್ವ ಹೇಳಿದ್ದನ್ನು ಕೇಳಿದ್ದೇನೆ. ಅಜ್ಜ ಒಂದು ವರ್ಷ ಆ ಹೊತ್ತಿಗೆ ಸರಿಯಾಗಿ ಪಾಯಖಾನೆಗೆ ಹೋಗಿ ತಪ್ಪಿಸಿಕೊಂಡ. ಎರಡನೆಯ ವರ್ಷ ಒಂದು ದಿನ ತಾನಾಗಿ ಬಂದು ಕೂತು, ಊರಿನ ಶಾಲೆಯಲ್ಲಿ ತಾನು ಹೊಡೆದ ಒಬ್ಬ ಹುಡುಗನ ಹೆಸರು ಹೇಳಿದ. ಅಷ್ಟೇ ಹೇಳಿದ್ದು. “ಈಗೇನ ಮಾಡೂಣು” ಎಂದು ಕೇಳಲು ಆ ಹುಡುಗ ಅಲ್ಲಿರಲಿಲ್ಲ.

ಮನೆಯ ಅಡಚಣೆಯಿಂದ ಹುಟ್ಟದೆ ಅವ್ವನ ಸಂಕಟದಿಂದ ಹುಟ್ಟಿದ ಪದ್ಧತಿ ಒಂದೇ ಒಂದು. ಶಾಲೆ ಶುರುವಾದ ಹೊಸದರಲ್ಲಿ ಒಂದು ಸಣ್ಣ ಕೂಸು ಮೂರು ದಿನ ಬರಲಿಲ್ಲ. ಊರಿಗೆ ಹೋಗಿರಬೇಕೆಂದು ಅವ್ವ ಸುಮ್ಮನಿದ್ದಳು. ನಾಲ್ಕನೆಯ ದಿನ ತಿಳಿಯಿತು, ಅದು ಜ್ವರ ಬಂದು ಕೂಲಿಯವರ ಶೆಡ್ಡಿನಲ್ಲಿ ಒಂದೇ ಮಲಗಿತ್ತು. ತಾಯಿ-ತಂದೆ ಕೆಲಸ ಬಿಡುವಂತಿರಲಿಲ್ಲ. ಕೂಸು ಆರಾಮಾಯಿತು, ಅವ್ವ ಆಗಲಿಲ್ಲ. ಅಂದಿನಿಂದ ಯಾರು ಬರದಿದ್ದರೂ ಅವರ ತಾಟನ್ನೂ ಊಟದ ಸಾಲಿನಲ್ಲಿ ಹಾಕಲೇಬೇಕು. ಒಬ್ಬರು ದೊಡ್ಡವರು, ಇಬ್ಬರು ಮಕ್ಕಳು ಅವರ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಬರಬೇಕು. ಅವರು ತಿರುಗಿ ಬರುವತನಕ ಯಾರಿಗೂ ಬಡಿಸುವಂತಿಲ್ಲ. ಹಸಿದ ಮಕ್ಕಳು ಎಷ್ಟು ಚುರುಕಾಗಿ ಓಡುತ್ತಾರೆಂದು ನೋಡಬೇಕಿದ್ದರೆ ನಮ್ಮ ಓಣಿಗೆ ಬರಬೇಕಿತ್ತು.

ಆ ವರ್ಷ ಇಬ್ಬರು ಮಕ್ಕಳು ನಾಲ್ಕನೆಯ ಇಯತ್ತೆ, ಎಂದರೆ ತರಗತಿ, ಮುಗಿಸುವವರಿದ್ದರು. ಐದನೆಯದಕ್ಕೆ ಬೇರೆ ಶಾಲೆ ಸೇರಬೇಕೆಂದರೆ ಸರಕಾರದ ಮಾನ್ಯತೆ ಇರುವ ಶಾಲೆಯ ದಾಖಲೆ ಬೇಕು; ಅದಿಲ್ಲದಿದ್ದರೆ ನಮ್ಮಲ್ಲಿ ಕಲಿತ ನಾಲ್ಕು ವರ್ಷ ಎಲ್ಲೂ ಕಲಿಯದ ನಾಲ್ಕು ವರ್ಷ. ಅದಕ್ಕೇ ಆ ಅರ್ಜಿ. ಹನ್ನೊಂದನೆಯ ಪ್ರಶ್ನೆಗೆ ಅಜ್ಜ ಕೊನೆಗೂ ಸರ್ವಾಂಗೀಣ ವಿಕಾಸದಿಂದ ಶುರು ಮಾಡಿ, ಸತ್ಯ, ಸಮಾನತೆ, ಶ್ರಮ ಎಂದು ಒಳ್ಳೆಯ ಮರಾಠಿಯಲ್ಲಿ ತುಂಬಿಸಿದ. ಸಾರು ಬರಲಿಲ್ಲ. ಅಜ್ಜಿ ಎರಡು ದಿನ ಅವನ ತಾಟಿಗೆ ಸಾರನ್ನು ಅಳೆದಂತೆ ಹಾಕಿದಳು. ಅರ್ಜಿ ಹೋಯಿತು. ಕೆಲವು ವಾರಗಳ ಮೇಲೆ ಶಿಕ್ಷಣ ಖಾತೆಯಿಂದ ಸಾಹೇಬರೊಬ್ಬರು ಬುಧವಾರ ಶಾಲೆ ನೋಡಲು ಬರುತ್ತಾರೆಂದು ಕಾಗದ ಬಂತು.

ಇನ್ನು ಮಲ್ಲವ್ವನ ಬಗ್ಗೆ ಹೇಳಬೇಕು. ಅವಳು ಯಾದಗಿರಿ ಕಡೆಯವಳು. ಅವಳ ತಾಯಿ-ತಂದೆ ನಮ್ಮ ಓಣಿಯ ಕೊನೆಗೆ ಏಳುತ್ತಿದ್ದ ಕಟ್ಟಡದಲ್ಲಿ ಬುಟ್ಟಿ ಹೊರುತ್ತಿದ್ದರು. ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ನಮ್ಮಲ್ಲಿಗೆ ಬಂದಾಗ ಅವಳಿಗೆ ಹನ್ನೊಂದು ವರ್ಷ, ಅದುವರೆಗೆ ಶಾಲೆಯ ಮುಖ ನೋಡಿರಲಿಲ್ಲ. ನನಗಿಂತ ಒಂದು ಮೊಳ ಎತ್ತರ. ಜಮಖಾನೆಯ ಮೇಲೆ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಅಕ್ಷರ ಮಾತ್ರ ಅವಳಿಗೆ ಹತ್ತುತ್ತಿರಲಿಲ್ಲ. ಇಂದು ಗುರುತು ಹಿಡಿದದ್ದು ನಾಳೆ ಅಪರಿಚಿತ. ಆದರೆ ಅಳುವ ಕೂಸನ್ನು ಎರಡು ಮಾತಿನಲ್ಲಿ ಸುಮ್ಮನಾಗಿಸುತ್ತಿದ್ದಳು. ಪಡಸಾಲೆ ಎಷ್ಟು ಹೆಜ್ಜೆ ಉದ್ದ, ಎಷ್ಟು ಗೇಣು ಅಗಲ ಎಂದು ಕೇಳಿದರೆ ಕಣ್ಣಳತೆಯಲ್ಲೇ ಹೇಳುತ್ತಿದ್ದಳು. ನಾವು ಅಳೆದು ನೋಡಿ ಬಾಯಿ ಬಿಡುತ್ತಿದ್ದೆವು. ಅಜ್ಜನ ಛತ್ರಿಯ ಮುರಿದ ಕಡ್ಡಿಯನ್ನು ತಂತಿ ಸುತ್ತಿ ಸರಿ ಮಾಡಿಕೊಟ್ಟವಳೂ ಅವಳೇ. ನನ್ನ ಜಡೆ ಹಾಕಲು ಅವ್ವನಿಗೆ ಪುರುಸೊತ್ತಾಗದ ದಿನ ಮಲ್ಲವ್ವ ಹಿಂದೆ ಕೂತು, “ತೆಲಿ ನೆಟ್ಟಗ ಹಿಡೀಬೇ, ಕುರಿ ಹಂಗ ಒದ್ದಾಡಬ್ಯಾಡ” ಎಂದು ಬೈಯುತ್ತ ಹಾಕುತ್ತಿದ್ದಳು. ನನಗೆ ಅಕ್ಕ ಇರಲಿಲ್ಲ. ಆ ಬೈಗುಳ ತಿನ್ನಲು ನಾನು ಬೇಕೆಂದೇ ತಲೆ ಅಲ್ಲಾಡಿಸುತ್ತಿದ್ದೆ.

ಮಂಗಳವಾರ ಸಂಜೆ ಹೊರಗಿನ ನಳದಲ್ಲಿ ಕೊಡ ತುಂಬಲು ಇಟ್ಟು ನಾನು ಅಡುಗೆಮನೆಯ ಕಿಟಕಿಯ ಕೆಳಗೆ ನಿಂತಿದ್ದೆ. ಒಳಗೆ ಅಜ್ಜ, ಅವ್ವ ಮಾತಾಡುತ್ತಿದ್ದರು.

“ಎಲ್ಲಾ ಖರೆ, ಆ ಮಲ್ಲವ್ವನ್ನ ಎಬ್ಬಿಸಿ ಓದು ಅಂದ್ರ ಏನ ಮಾಡ್ತೀ? ಎಲ್ಲಾರಕಿಂತ ಎತ್ತರ ಆಕಿನ ಇದ್ದಾಳ. ಸಾಹೇಬರ ಕಣ್ಣು ಮೊದಲು ಆಕಿ ಮ್ಯಾಲೇ ಬೀಳ್ತದ.”

ಅವ್ವ ಪಾತ್ರೆ ಕೆಳಗಿಟ್ಟ ಸಪ್ಪಳ ಬಂತು. “ನಾಳೆ ಒಂದಿನ ಆಕಿ ಬರದಿದ್ರ ಚೊಲೋ ಇತ್ತು ನೋಡ್ರಿ ಮಾವಾರ,” ಎಂದಳು. ಆಮೇಲೆ, “ಛೀ, ಎಂಥಾ ಮಾತಾಡಿದೆ” ಎಂದು ತನಗೆ ತಾನೇ ಅಂದುಕೊಂಡಳು. ನನ್ನ ಕಿವಿಗೆ ಎರಡೂ ಬಿದ್ದವು. ಹಿಡಿದುಕೊಂಡದ್ದು ಮೊದಲಿನದನ್ನು.

ಕೊಡವನ್ನು ನಳದ ಕೆಳಗೇ ಬಿಟ್ಟು ಶೆಡ್ಡಿಗೆ ಓಡಿದೆ. ಅವ್ವನ ಕಷ್ಟವನ್ನು ನಾನೊಬ್ಬಳೇ ನೀಗಿಸುತ್ತೇನೆಂಬ ಹುಮ್ಮಸ್ಸು. ಜಮಖಾನೆ ಹಾಸಿದಾಗ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತಿದ್ದ ಅವ್ವ, ಇದೊಂದಕ್ಕಾಗಿ ನನ್ನನ್ನು ಬೇರೆಯಾಗಿ ನೋಡುತ್ತಾಳೆಂಬ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮಲ್ಲವ್ವ ನೀರಿನ ಟಾಕಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು.

“ನಾಳೆ ಸಾಲಿ ಸೂಟಿ ಅದ,” ಎಂದು ಇಲ್ಲದ ರಜೆಯನ್ನು ಹೇಳಿದೆ.

“ಯಾಕ?”

“ಅವ್ವ ಊರಿಗೆ ಹೊಂಟಾಳ.”

ಅವಳ ಮುಖ ಇಳಿಯಿತು. “ಹಂಗಾರ ನಮ್ಮವ್ವ ನನ್ನ ಕೆಲಸಕ್ಕ ಕರಕೊಂಡು ಹೋಗ್ತಾಳ ನೋಡು. ಸೂಟಿ ಇದ್ದಾಗೆಲ್ಲ ಹಂಗೇ ಮಾಡ್ತಾಳ,” ಎಂದಳು. ಮತ್ತೆ ಬೂದಿ ತೆಗೆದುಕೊಂಡು ತಿಕ್ಕತೊಡಗಿದಳು. ಆಗಲೂ ನಾನು ಮಾತು ಹಿಂತೆಗೆದುಕೊಳ್ಳಲಿಲ್ಲ. ತಿರುಗಿ ಬಂದಾಗ ಕೊಡ ತುಂಬಿ ಅಂಗಳವೆಲ್ಲ ನೀರು; ನೀರು ಹಾಳು ಮಾಡಿದ್ದಕ್ಕೆ ಅಜ್ಜಿಯ ಕೈಯಲ್ಲಿ ಬೈಸಿಕೊಂಡೆ. ಒಳ್ಳೆಯ ಕೆಲಸ ಮಾಡಿದವರಿಗೆ ಸಿಗುವುದು ಇದೇ ಎಂದು ಅಂದುಕೊಂಡದ್ದು ನೆನಪಿದೆ.

ಬುಧವಾರ ಸಾಹೇಬರು ಹತ್ತಕ್ಕೆ ರಿಕ್ಷಾದಲ್ಲಿ ಬಂದರು. ಸಣಕಲು ಮನುಷ್ಯ, ಬಗಲಲ್ಲಿ ಫೈಲು. ಅಜ್ಜ ಇಸ್ತ್ರಿಯ ಕೋಟು, ಟೊಪ್ಪಿಗೆಯಲ್ಲಿ ಬಾಗಿಲಿಗೆ ಹೋಗಿ ಕೈಮುಗಿದ. ಸಾಹೇಬರು ಚಪ್ಪಲಿ ಬಿಟ್ಟು, ಎಲ್ಲಿ ಕೂಡಬೇಕೆಂದು ಖುರ್ಚಿ ಹುಡುಕಿ, ಕಾಣದೆ, ನಮ್ಮ ಸಾಲಿನಲ್ಲೇ ಜಮಖಾನೆಯ ಮೇಲೆ ಕೂತರು. ಅವರು ಕೂತದ್ದು ನನ್ನ ಪಕ್ಕದಲ್ಲಿ, ಮಲ್ಲವ್ವನ ಜಾಗದಲ್ಲಿ. ನಾಲ್ಕನೆಯ ಇಯತ್ತೆಯವರಿಂದ ಓದಿಸಿದರು. ಮಗ್ಗಿ ಕೇಳಿದರು. ನನ್ನಿಂದ ಒಂದು ಪುಟ ಮರಾಠಿ, ಒಂದು ಪುಟ ಕನ್ನಡ ಓದಿಸಿ ತಲೆದೂಗಿದರು. ಎಲ್ಲ ಸುಸೂತ್ರ ನಡೆಯಿತು. ಅವ್ವ ಎರಡು ಸಲ ಬಾಗಿಲ ಕಡೆ ನೋಡಿದಳು. ಅವಳ ಮುಖದಲ್ಲಿ ನಾನು ಸಮಾಧಾನ ಹುಡುಕಿದೆ, ಅಲ್ಲಿದ್ದುದು ಅದಲ್ಲ.

ಹನ್ನೆರಡೂವರೆಗೆ ಊಟದ ತಾಟುಗಳನ್ನು ಹಾಕಿದೆವು. ಆ ವಾರ ತಾಟು ಹಾಕುವ ಸರದಿ ಸಣ್ಣವರದು. ಅವರು ಬೇರೆ ಏನನ್ನೂ ಯೋಚಿಸದೆ, ದಿನದ ರೂಢಿಯಂತೆ ಎಲ್ಲರವನ್ನೂ ಹಾಕಿದರು. ಸಾಹೇಬರಿಗೊಂದು ಸೇರಿಸಿದರು. ಎಲ್ಲರೂ ಕೂತ ಮೇಲೆ ಒಂದು ತಾಟು ಖಾಲಿ ಉಳಿಯಿತು.

“ಹೇ ತಾಟ್ ಕುಣಾಚಂ?” ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು, ಇದು ಯಾರ ತಾಟು ಎಂದು.

“ಮಲ್ಲವ್ವಂದು ರೀ,” ಎಂದಿತು ಒಂದು ಸಣ್ಣ ಕೂಸು.

ಸಾಹೇಬರು ನಕ್ಕರು. “ಮಲ್ಲವ್ವಾ? ಯಾಕ ಬಂದಿಲ್ಲ ಆಕಿ?” ಎಂದು ಕನ್ನಡದಲ್ಲೇ ಕೇಳಿದರು. ನಾವು ಬೆರಗಾಗಿ ನೋಡಿದೆವು. “ನಾನು ಸೊಲ್ಲಾಪುರದಾಂವ. ನಮ್ಮ ಆಯಿ ಮನ್ಯಾಗ ಕನ್ನಡನ ಮಾತಾಡ್ತಿದ್ಲು.”

ಅವ್ವ ಪದ್ಧತಿಯನ್ನು ವಿವರಿಸಿದಳು. ಅಜ್ಜ ಬಗ್ಗಿ ಅವಳಿಗೆ ಮೆಲ್ಲಗೆ ಹೇಳಿದ: “ಇವತ್ತೊಂದಿನ ಬಡಿಸಿಬಿಡವಾ. ಸಾಹೇಬರು ಹಸದಾರ.” ಅವ್ವ ಆ ಖಾಲಿ ತಾಟನ್ನೇ ನೋಡುತ್ತಿದ್ದಳು. ನಿನ್ನೆ ಸಂಜೆ ಅವಳ ಬಾಯಿಂದ ಬಿದ್ದ ಮಾತು ಇವತ್ತು ತಾಟಾಗಿ ಎದುರಿಗಿತ್ತು. ಬಡಿಸಿಬಿಡಲಿ, ಬಡಿಸಿಬಿಡಲಿ ಎಂದು ನಾನು ಮನಸ್ಸಿನಲ್ಲಿ ಇದ್ದಬದ್ದ ದೇವರಿಗೆಲ್ಲ ಕೈಮುಗಿದೆ.

“ಇಲ್ರಿ ಮಾವಾರ. ಹೋಗಿ ಕೇಳಿಕೊಂಡು ಬರ್ರಿ,” ಎಂದಳು ಅವ್ವ.

ಅಜ್ಜ ಕೋಟಿನಲ್ಲೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟ. ನಾವು ಕಾದೆವು. ಸಾರಿನ ವಾಸನೆ ಪಡಸಾಲೆ ತುಂಬ. ಸಾಹೇಬರು ಫೈಲು ತೆಗೆದು ಮುಚ್ಚಿದರು. ಹೊರಗೆ ರಿಕ್ಷಾದವನು ಹಾರ್ನು ಹೊಡೆದ. ಅಜ್ಜಿ ಅಡುಗೆಮನೆಯಿಂದ ಇಣುಕಿ, “ಅಯ್ಯ, ಆಂವ ಇನ್ನೂ ಅಲ್ಲೇ ಇದ್ದಾನೇನ್ರಿ? ಒಳಗ ಕರೀರಿ, ಒಂದು ತುತ್ತು ಉಣ್ಣಲಿ. ಹಾರ್ನ್ ಹೊಡದ್ರ ನಮ್ಮ ಹುಡುಗ ಏಳ್ತಾನ” ಎಂದಳು. ರಿಕ್ಷಾದವನೂ ಬಂದು ಕೂತ. ಅವನಿಗೂ ಬಡಿಸಲಿಲ್ಲ, ಅವನಿಗೂ ಸಣ್ಣವರು ಯಾಕೆ ಬಡಿಸಿಲ್ಲವೆಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ನಾನು ನನ್ನ ತಾಟಿನಲ್ಲಿ ಕಾಣುತ್ತಿದ್ದ ನನ್ನ ಮುಖವನ್ನು ನೋಡದಿರಲು ತಾಟನ್ನು ಬೋರಲು ಹಾಕಿದೆ. ಪಕ್ಕದವನು ನೆಟ್ಟಗೆ ಮಾಡಿದ.

ಮಲ್ಲವ್ವ ಬಂದಳು. ಕೂದಲು, ಹುಬ್ಬು, ರೆಪ್ಪೆಯ ಮೇಲೆಲ್ಲ ಸಿಮೆಂಟಿನ ಬೂದು. ಬುಟ್ಟಿ ಹೊರಲು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ಇನ್ನೂ ಕೈಯಲ್ಲಿತ್ತು. ದಾರಿಯಲ್ಲಿ ಮಕ್ಕಳು ಅವಳಿಗೆ ಎಲ್ಲ ಹೇಳಿರಬೇಕು: ಶಾಲೆ ಇದೆ, ಅಕ್ಕೋರ ಎಲ್ಲೂ ಹೋಗಿಲ್ಲ, ಸಾಹೇಬರು ಬಂದಿದ್ದಾರೆ. ಹೊಸ್ತಿಲಲ್ಲಿ ನಿಂತು ಅವಳು ಮೊದಲು ನೋಡಿದ್ದು ನನ್ನನ್ನು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

“ಯಾಕವ್ವ ಬರ್ಲಿಲ್ಲ?” ಅವ್ವ ಎಲ್ಲರಿಗೂ ಕೇಳುವಂತೆಯೇ ಕೇಳಿದಳು.

“ಇವತ್ತ ಸೂಟಿ ಅಂತ ತಿಳದಿದ್ದೆ ರೀ ಅಕ್ಕೋರ.”

“ಯಾರು ಹೇಳಿದ್ರು?”

ಮಲ್ಲವ್ವ ಸಿಂಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ಯಾರೂ ಇಲ್ರಿ. ನಾನ ತಿಳದೆ.”

ಕೈಕಾಲು ತೊಳೆದು ಬಂದು, ಸಾಹೇಬರು ಸರಿದು ಕೊಟ್ಟ ಜಾಗದಲ್ಲಿ, ನನ್ನ ಪಕ್ಕದಲ್ಲೇ ಕೂತು ಉಂಡಳು. ನಾನು ಉಣ್ಣಲಿಲ್ಲ. ಸಾಹೇಬರು ಸಾರನ್ನು ಎರಡು ಸಲ ಹಾಕಿಸಿಕೊಂಡರು. ಅಜ್ಜಿ ಬಾಗಿಲ ಮರೆಯಿಂದ ಅಜ್ಜನ ಕಡೆ ನೋಡಿದಳು. ತಾಟು ತೊಳೆದಿಟ್ಟು ಎಲ್ಲರೂ ಸುತ್ತ ಕೂತೆವು. ಒಬ್ಬ ಹುಡುಗ ರಬ್ಬರು ಕದ್ದದ್ದು ಹೇಳಿದ, ಇನ್ನೊಬ್ಬಳು ಗೋಡೆಗೆ ಸಿಂಬಳ ಒರೆಸಿದ್ದು ಹೇಳಿದಳು. ಅವ್ವ ಜಮಖಾನೆ ಎತ್ತಲು ಏಳಬೇಕೆಂದು ಕೈ ಊರಿದಾಗ ನನ್ನ ಬಾಯಿಂದ ಮಾತು ತಾನಾಗಿ ಬಿತ್ತು.

“ನಂದೊಂದು ಅದ ರೀ.”

ಹೇಳಿದೆ. ಕಿಟಕಿಯ ಕೆಳಗೆ ನಿಂತು ಏನು ಕೇಳಿದೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ: ಮಲ್ಲವ್ವಗೆ ಓದಲು ಬರುವುದಿಲ್ಲ, ಸಾಹೇಬರು ಕೇಳಿದರೆ ಶಾಲೆಗೆ ಕಾಗದ ಸಿಗುವುದಿಲ್ಲ, ಅದಕ್ಕೆ ಸೂಟಿ ಎಂದು ಸುಳ್ಳು ಹೇಳಿದೆ. ಅವ್ವನನ್ನು ಕಾಪಾಡಲು ಹೋಗಿ ಅದರಲ್ಲೂ ಅರ್ಧ ನುಂಗಿದ್ದೆ. ಅಪ್ಪನ ಗೊರಕೆ ಒಂದೇ ಕೇಳುತ್ತಿತ್ತು. ಆಗ ಅವ್ವ ಮತ್ತೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು.

“ನಂದೂ ಅದ,” ಎಂದಳು. “ನಾಳೆ ಮಲ್ಲವ್ವ ಬರದಿದ್ರ ಚೊಲೋ ಇತ್ತು ಅಂತ ನಿನ್ನೆ ಆಕಿ ಬೆನ್ನ ಹಿಂದ ನಾನ ಅಂದೆ. ವೀಣಾ ಅದನ್ನ ಕೇಳಿರಬೇಕು. ನಾ ಮನಸಿನಾಗ ಮಾಡಿದ್ದನ್ನ ಆಕಿ ಕಾಲಿಲೆ ಹೋಗಿ ಮಾಡಿದ್ಲು.” ಸಾಹೇಬರು ಎದುರಿಗೇ ಇದ್ದರು, ಫೈಲು ತೊಡೆಯ ಮೇಲಿತ್ತು. ಅವ್ವ ಅವರ ಕಡೆ ನೋಡಲಿಲ್ಲ. ಮಲ್ಲವ್ವನ ಕಡೆ ತಿರುಗಿ ಕೇಳಿದಳು: “ಈಗೇನ ಮಾಡೂಣು?”

ಮಲ್ಲವ್ವ ಜಮಖಾನೆಯ ದಾರ ಎಳೆಯುತ್ತಿದ್ದಳು. “ನನಗ ಓದ್ಲಾಕ ಬರಲ್ಲ ಅಂತ ನನಗ ಗೊತ್ತದ ರೀ ಅಕ್ಕೋರ,” ಎಂದಳು. “ನನ್ನ ಕೂಡೇ ಹೇಳಿದ್ರ ನಾ ಅಜ್ಜಿ ಕೂಡ ಅಡಗಿಮನ್ಯಾಗ ಕುಂಡರ್ತಿದ್ದೆ. ಮುಂಜಾನಿಂದ ಉಸುಕು ಹೊತ್ತೀನಿ. ಈಗ ಮಾಡೂದು ಏನೈತ್ರಿ? ಏನೂ ಇಲ್ಲ.”

ಅವ್ವ ಹೌದೆಂದು ತಲೆಯಾಡಿಸಿದಳು. ಆಗ ಮಾತಾಡಿದ್ದು ಸಾರಿನ ಮೀಸೆ ಇನ್ನೂ ಒರೆಸಿಕೊಳ್ಳದ ಒಂದು ಕೂಸು. “ಸಾಹೇಬರೂ ಹೇಳಬೇಕ್ರಿ. ಸುತ್ತ ಕುಂತವರೆಲ್ಲ ಹೇಳಬೇಕು,” ಎಂದಿತು. ಅಜ್ಜ ಅದರ ಬಾಯಿ ಮುಚ್ಚಲು ಕೈ ಚಾಚಿದ. ಸಾಹೇಬರು ಬೇಡವೆಂದು ಸನ್ನೆ ಮಾಡಿ, ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ಹಾಳೆಗಳನ್ನು ನೋಡಿದರು.

“ನಂದೊಂದು ಅದ,” ಎಂದರು. “ಮೂರು ಕೋಣಿ ಮನ್ಯಾಗ ಎಂಥಾ ಸಾಲಿ ಇರ್ತದ, ಹತ್ತು ಮಿನಿಟಿನಾಗ ನೋಡಿ ಇಲ್ಲ ಅಂತ ಬರದು ಬರ್ತೀನಿ ಅಂತ ರಿಕ್ಷಾ ನಿಲ್ಲಿಸಿ ಬಂದಿದ್ದೆ.”

“ಮೀಟರ್ ಚಾಲೂಚ ಆಹೇ ಸಾಹೇಬ್,” ಮೀಟರು ಇನ್ನೂ ಓಡುತ್ತಲೇ ಇದೆ ಎಂದು ರಿಕ್ಷಾದವನು ಮೂಲೆಯಿಂದ ಹೇಳಿದ. ಸಾಹೇಬರೇ ಮೊದಲು ನಕ್ಕರು, ಆಮೇಲೆ ಎಲ್ಲರೂ. ಮಲ್ಲವ್ವ ನಗಲಿಲ್ಲ, ನಾನೂ ನಗಲಿಲ್ಲ. ಹೋಗುವಾಗ ಸಾಹೇಬರು ಮಲ್ಲವ್ವನನ್ನು ಓದಲು ಕೇಳಲಿಲ್ಲ. ಮಾನ್ಯತೆ ಸಿಗುವುದೋ ಇಲ್ಲವೋ ಎಂಬುದರ ಬಗ್ಗೆಯೂ ಒಂದು ಮಾತು ಆಡಲಿಲ್ಲ.

ಆಮೇಲಿನ ದಿನಗಳಲ್ಲಿ ಮಲ್ಲವ್ವ ಶಾಲೆಗೆ ತಪ್ಪದೆ ಬಂದಳು. ನನ್ನ ಪಕ್ಕದಲ್ಲಿ ಮಾತ್ರ ಕೂಡಲಿಲ್ಲ. ಜಡೆ ಹಾಕಲಿಲ್ಲ, ಬೈಯಲಿಲ್ಲ. ಎದುರಾದರೆ ಅಪರಿಚಿತರಿಗೆ ದಾರಿ ಬಿಟ್ಟಂತೆ ಸರಿಯುತ್ತಿದ್ದಳು. ಅವ್ವ ದಿನಾ ಎರಡಕ್ಕೆ ಜಮಖಾನೆ ಎತ್ತಿದ ಮೇಲೆ ಅವಳನ್ನು ಉಳಿಸಿಕೊಂಡು, ಕಟ್ಟಡದ ಅಳತೆ, ಉಸುಕಿನ ಬುಟ್ಟಿ ಎಂದು ಅವಳದೇ ಮಾತುಗಳನ್ನು ಬರೆದು ಅಕ್ಷರ ಹಿಡಿಸಲು ನೋಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಕೂತು ಅದನ್ನು ಕೇಳುತ್ತಿದ್ದೆ. ಒಂದು ದಿನ ತಡೆಯಲಾರದೆ ಅವ್ವನ ಸೆರಗು ಹಿಡಿದೆ.

“ನೀ ಹೇಳಿದ್ರ ಆಕಿ ಕೇಳ್ತಾಳ ಅವ್ವಾ. ನನ್ನ ಕೂಡ ಮಾತಾಡು ಅಂತ ಹೇಳು.”

“ಮಾಫಿ ಅನ್ನೂದು ನನ್ನ ಕಪಾಟಿನಾಗ ಇಲ್ಲ ವೀಣಾ, ತಗದು ಕೊಡಾಕ,” ಎಂದಳು ಅವ್ವ. “ಅದು ಆಕಿದು. ಕೊಟ್ರ ಕೊಟ್ಲು, ಬಿಟ್ರ ಬಿಟ್ಲು. ನೀ ಕೇಳೂದು ಕೇಳು.”

ಕೇಳಿದೆ. ಒಮ್ಮೆ ಅಂಗಳದಲ್ಲಿ, ಒಮ್ಮೆ ಶೆಡ್ಡಿನ ಎದುರಿಗೆ ಅವಳ ತಾಯಿಯ ಮುಂದೆ. “ಹೂಂ” ಎಂದಳು, ಎರಡು ಸಲವೂ ಅಷ್ಟೇ. ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ, “ಹುಣ್ಣಿಗೆ ದಿನ ಬೇಕಾಗ್ತದವ್ವ, ಕೆರದ್ರ ಮತ್ತ ಹಸಿ ಆಗ್ತದ” ಎಂದಳು. ಅಂದಿನಿಂದ ಕೆರೆಯುವುದನ್ನು ಬಿಟ್ಟೆ.

ಮಳೆಗಾಲ ಕಳೆಯುವ ಹೊತ್ತಿಗೆ ಕಾಗದ ಬಂತು. ನಾಲ್ಕನೆಯ ಇಯತ್ತೆಯವರೆಗೆ ಮಾನ್ಯತೆ. ವರ್ಷದೊಳಗೆ ಇನ್ನೊಂದು ಪಾಯಖಾನೆ ಕಟ್ಟಿಸಬೇಕು, ಆಟಕ್ಕೆ ಜಾಗ ತೋರಿಸಬೇಕು. ಅಜ್ಜ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ನಿದ್ದೆಯಿಂದ ಎದ್ದು ಬಂದ ಅಪ್ಪನನ್ನು ಆ ದಿನ ಯಾರೂ ಮೆಲ್ಲಗೆ ಮಾತಾಡಿಸಲಿಲ್ಲ. ಮಕ್ಕಳಿಗೆಲ್ಲ ಪೇಢೆ ಹಂಚಿದರು. ಪಾಲಕರು ಬಂದು ಹೋದರು. ಗದ್ದಲ ತೀರಿದ ಮೇಲೆ ನಾನು ಮುಂಬಾಗಿಲ ಮೆಟ್ಟಿಲಿಗೆ ಬಂದೆ. ಅಲ್ಲಿ ಮಲ್ಲವ್ವ ಇಬ್ಬರು ಸಣ್ಣ ಹುಡುಗಿಯರನ್ನು ಕೂಡಿಸಿಕೊಂಡು ಐದು ಕಲ್ಲಿನ ಆಟ ಆಡುತ್ತಿದ್ದಳು. ಒಂದು ಕಲ್ಲನ್ನು ಮೇಲೆ ತೂರಿ, ಅದು ಬೀಳುವುದರೊಳಗೆ ಉಳಿದ ನಾಲ್ಕನ್ನೂ ಬಾಚಿ ಹಿಡಿಯುವ ಅವಳ ಕೈಚಳಕವನ್ನು ಸಣ್ಣವರು ಬಾಯಿ ತೆರೆದು ನೋಡುತ್ತಿದ್ದರು. ನಾನು ಗೋಡೆಗೆ ಆತು ನಿಂತೆ. ಅವಳು ಎರಡು ಆಟ ಮುಗಿಸಿದಳು. ಆಮೇಲೆ ತಲೆ ಎತ್ತದೆ ಕಲ್ಲುಗಳನ್ನು ನನ್ನ ಕಡೆ ಉರುಳಿಸಿದಳು.

“ಆಡ್ತೀ ಏನಬೇ, ಇಲ್ಲಾ ಹಂಗೇ ಕಂಬದಂಗ ನಿಂದ್ರತೀ?”

ಕೂತೆ. ಮೊದಲ ಕಲ್ಲೇ ಬೆರಳ ಸಂದಿಯಿಂದ ಜಾರಿ ಮೆಟ್ಟಿಲ ಕೆಳಗೆ ಬಿತ್ತು.

“ಔಟ್,” ಎಂದಳು ಮಲ್ಲವ್ವ. ಕಲ್ಲುಗಳನ್ನು ಬಾಚಿಕೊಂಡು ತನ್ನ ಆಟ ಆಡತೊಡಗಿದಳು.